ಕರೆಂಟು ಹೋದ ಮೇಲೆ ಉಳಿದದ್ದು

ತೊಂಬತ್ತರ ದಶಕದ ಕೊನೆಯಲ್ಲಿ ಮಲೆನಾಡಿನ ಯಾವುದಾದರೊಂದು ನಡುಮನೆಯಲ್ಲಿ ಕೂತು ‘ಟಿವಿ ಗೇಮ್’ ಆಡಿದವರಿಗೆಲ್ಲ ಒಂದು ಸಂಕಟ ಗೊತ್ತಿರುತ್ತದೆ. ಮಾರಿಯೋ ಏಳು ಲೋಕ ದಾಟಿ ಎಂಟನೆಯದಕ್ಕೆ ಕಾಲಿಟ್ಟಿರುತ್ತಾನೆ. ಹೊರಗೆ ಆಷಾಢದ ಮಳೆ ಹೊಯ್ಯುತ್ತಿರುತ್ತದೆ. ಎಲ್ಲೋ ಒಂದು ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಕರೆಂಟು ಹೋಗುತ್ತದೆ. ಒಂದು ಗಂಟೆಗೋ, ಮಾರನೆಯ ದಿನವೋ ಕರೆಂಟು ಮರಳಿದಾಗ ಟಿವಿ ಹಾಕಿ ನೋಡಿದರೆ ಮಾರಿಯೋ ಮೊದಲ ಲೋಕದ ಮೊದಲ ಹೆಜ್ಜೆಯಲ್ಲಿ, ಏನೂ ಆಗಿಲ್ಲದವನ ಹಾಗೆ ನಿಂತಿರುತ್ತಾನೆ. ಆ ಆಟದಲ್ಲಿ ಆಡಿದ್ದನ್ನು ಉಳಿಸಿಕೊಳ್ಳುವ ಏರ್ಪಾಡೇ ಇರಲಿಲ್ಲ. ಎಲ್ಲವೂ ಕರೆಂಟಿನ ಜೊತೆ ಬರುತ್ತಿತ್ತು, ಕರೆಂಟಿನ ಜೊತೆ ಹೋಗುತ್ತಿತ್ತು.

ಸಾಗರ ತಾಲ್ಲೂಕಿನ ತುಮರಿ, ಬ್ಯಾಕೋಡಿನ ಕಡೆಯವರಿಗೆ ಈ ಮಾತಿನಲ್ಲಿ ಇನ್ನೊಂದು ಅರ್ಥವೂ ಕೇಳಿಸೀತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನಿಂತಾಗ, ನಾಡಿಗೆ ಬೆಳಕು ಕೊಡುವುದಕ್ಕೆಂದು ಗದ್ದೆ, ತೋಟ, ಮನೆಗಳನ್ನು ನೀರಿಗೆ ಬಿಟ್ಟವರ ಸೀಮೆ ಅದು. ಹಿನ್ನೀರು ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ಪೇಟೆಯಿಂದ ಏನು ತರಬೇಕಿದ್ದರೂ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕು, ಇಲ್ಲವೇ ಬಳಸುದಾರಿಯಲ್ಲಿ ಸುತ್ತಿ ಬರಬೇಕು. ಕಳಸವಳ್ಳಿಗೆ ಸೇತುವೆಯಾಗಿ ವಾಹನ ಓಡಿದ್ದು 2025ರ ಜುಲೈ 14ರಂದು. ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ದಂಡೆಯಲ್ಲೇ ಮಳೆಗಾಲ ಬಂತೆಂದರೆ ಕರೆಂಟಿಗೆ ಕಾಯುತ್ತ ಕೂರುವವರಿಗೆ, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬ ಲೆಕ್ಕ ಬೇಗ ತಿಳಿಯುತ್ತದೆ.

ಈಗ ಆ ಹಳೆಯ ಆಟದ ಯಂತ್ರಗಳಿಗೆ, ಅವುಗಳಿಗಿಂತ ಹಳೆಯ ಮನೆಗಣಕಗಳಿಗೆ ಮತ್ತೆ ಜೀವ ಕೊಡುವ ಹವ್ಯಾಸ ಜಗತ್ತಿನಾದ್ಯಂತ ಬೆಳೆದಿದೆ. ಇದನ್ನು ‘ರೆಟ್ರೋ ಗೇಮಿಂಗ್’ ಎನ್ನುತ್ತಾರೆ. ಅಟ್ಟದಿಂದ ಯಂತ್ರ ಇಳಿಸಿ, ಧೂಳು ಕೊಡವಿ, ಸುಟ್ಟ ಬಿಡಿಭಾಗ ಬದಲಿಸಿ, ಹೊಸ ಟಿವಿಗೆ ಸಿಕ್ಕಿಸಿ, ಬಾಲ್ಯದ ಆಟವನ್ನು ಮತ್ತೆ ಆಡುವುದು. ಕೇಳುವುದಕ್ಕೆ ಬಿಡುವಿದ್ದವರ ಚಟದ ಹಾಗೆ ಕಾಣುತ್ತದೆ. ಆದರೆ ನಮ್ಮ ದೇಶದ ಮಟ್ಟಿಗೆ ಈ ಕೆಲಸದ ಒಳಗೆ ಒಂದು ಹಳೆಯ ಬಾಕಿಯಿದೆ. ಅದನ್ನು ತಿಳಿಯಲು ಎರಡು ಯಂತ್ರಗಳ ಕಥೆ ಹೇಳಬೇಕು. ಒಂದು ಶಾಲೆಯ ಬೀಗದ ಕೋಣೆಯೊಳಗಿತ್ತು, ಇನ್ನೊಂದು ಮನೆಯ ನಡುಮನೆಯಲ್ಲಿತ್ತು. ಎರಡರ ಮಿದುಳೂ ಒಂದೇ ವಂಶದ್ದು.

ಆ ಮಿದುಳಿನ ಹೆಸರು 6502. ಅಮೆರಿಕದ ಎಂಒಎಸ್ ಟೆಕ್ನಾಲಜಿ ಎಂಬ ಸಣ್ಣ ಕಂಪನಿ 1975ರಲ್ಲಿ ಇದನ್ನು ಹೊರತಂದಿತು. ಇಂಟೆಲ್, ಮೊಟೊರೋಲಾ ಕಂಪನಿಗಳ ಚಿಪ್ಪಿಗೆ ನೂರು ಡಾಲರಿಗೂ ಮೀರಿದ ಬೆಲೆಯಿದ್ದ ಕಾಲದಲ್ಲಿ ಚಕ್ ಪೆಡಲ್ ಮತ್ತು ಸಂಗಡಿಗರು ಇದಕ್ಕಿಟ್ಟ ಬೆಲೆ 25 ಡಾಲರ್. ಒಳಗಿದ್ದದ್ದು ಸುಮಾರು 3,500 ಟ್ರಾನ್ಸಿಸ್ಟರುಗಳು ಮಾತ್ರ. ಇಂದಿನ ಮೊಬೈಲಿನ ಚಿಪ್ಪಿನಲ್ಲಿ ನೂರಾರು ಕೋಟಿ ಟ್ರಾನ್ಸಿಸ್ಟರುಗಳಿರುತ್ತವೆ. ಅಗ್ಗವಾಗಿದ್ದುದೇ ಇದರ ಮಹತ್ವ. ಅಲ್ಲಿಯವರೆಗೆ ಕಂಪ್ಯೂಟರ್ ಎಂದರೆ ಸಂಸ್ಥೆಗಳ ಆಸ್ತಿ. 25 ಡಾಲರಿನ ಚಿಪ್ಪು ಬಂದ ಮೇಲೆ ಅದು ಮನೆಯ ವಸ್ತುವಾಗುವ ದಾರಿ ತೆರೆಯಿತು. 1977ರ ಆಪಲ್ 2 ಇದರ ಮೇಲೆ ನಿಂತಿತು. ಕಮೊಡೋರ್ 64ರೊಳಗೆ ಇದರ ತಮ್ಮನಂಥ ಚಿಪ್ಪಿತ್ತು. ಬ್ರಿಟನ್ನಿನ ಬಿಬಿಸಿ ಮೈಕ್ರೋ ಓಡಿದ್ದೂ ಇದರಿಂದಲೇ.

ಬಿಬಿಸಿ ಮೈಕ್ರೋ ಹುಟ್ಟಿದ ರೀತಿ ಸ್ವಾರಸ್ಯದ್ದು. ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸುವ ಟಿವಿ ಕಾರ್ಯಕ್ರಮ ಮಾಡಲು ಹೊರಟಿತು, ಅದರ ಜೊತೆಗೆ ಜನ ಕೊಳ್ಳಬಹುದಾದ ಒಂದು ಯಂತ್ರವೂ ಬೇಕೆಂದಿತು. ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮತ್ತು ಗೆಳೆಯರು ಒಂದು ವಾರದೊಳಗೆ ಮಾದರಿ ಯಂತ್ರ ಕಟ್ಟಿ ತೋರಿಸಿ ಆ ಗುತ್ತಿಗೆ ಪಡೆದರು. 1981ರ ಡಿಸೆಂಬರಿನಲ್ಲಿ ಯಂತ್ರ ಹೊರಬಂತು. ಇದರ ‘ಬಿ’ ಮಾದರಿಯ ಸ್ಮೃತಿ 32 ಕಿಲೋಬೈಟ್. ಇಂದು ವಾಟ್ಸಾಪಿನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರ ಇದರಲ್ಲಿ ಹಿಡಿಸುವುದಿಲ್ಲ.

ಇದರ ಗುಣ ತಿಳಿಯುವುದು ಸ್ವಿಚ್ ಹಾಕಿದಾಗ. ಎರಡು ಸ್ವರದ ಒಂದು ಸದ್ದು ಬರುತ್ತದೆ. ಪರದೆಯ ಮೇಲೆ ಯಂತ್ರದ ಹೆಸರು, ‘ಬೇಸಿಕ್’ ಎಂಬ ಪದ, ಅದರ ಕೆಳಗೊಂದು ಬಾಣದ ಗುರುತು, ಪಕ್ಕದಲ್ಲಿ ಮಿನುಗುವ ಒಂದು ಗೆರೆ. ಅಷ್ಟೇ. ಒತ್ತಲು ಚಿತ್ರಗಳಿಲ್ಲ, ಆರಿಸಲು ಪಟ್ಟಿಯಿಲ್ಲ. ‘ಏನು ಮಾಡಲಿ, ಹೇಳು’ ಎಂದು ಅದು ಕಾಯುತ್ತಿರುತ್ತದೆ. ನೀವು ಬರೆದು ಹೇಳಬೇಕು. ಆಟ ಬೇಕೆಂದರೂ ಒಂದು ಆಜ್ಞೆ ಬರೆದು ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ಮೂರ್ನಾಲ್ಕು ನಿಮಿಷ ಕಾಯಬೇಕು. ಟೇಪಿನಿಂದ ಅಕ್ಷರಗಳು ಸೆಕೆಂಡಿಗೆ ನೂರಿಪ್ಪತ್ತರ ವೇಗದಲ್ಲಿ ಇಳಿಯುತ್ತಿದ್ದವು. ಹೀಗೆ ಆಟ ಆಡಲು ಕೂತ ಮಗು ಆಟ ಬರೆಯುವ ಹೊಸ್ತಿಲನ್ನು ದಾಟಿಯೇ ಒಳಗೆ ಹೋಗಬೇಕಿತ್ತು. ಎಷ್ಟೋ ಮಕ್ಕಳು ಆ ಹೊಸ್ತಿಲ ಮೇಲೇ ಕೂತುಬಿಟ್ಟರು. ಕೇಂಬ್ರಿಜ್‌ನ ಇಬ್ಬರು ವಿದ್ಯಾರ್ಥಿಗಳು, ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, 1984ರಲ್ಲಿ ಇದೇ ಯಂತ್ರಕ್ಕೆ ‘ಎಲೀಟ್’ ಎಂಬ ಆಟ ಬರೆದರು. ಎಂಟು ನಕ್ಷತ್ರಮಂಡಲ, ಒಂದೊಂದರಲ್ಲೂ 256 ಗ್ರಹವ್ಯವಸ್ಥೆ, ಅವುಗಳ ನಡುವೆ ವ್ಯಾಪಾರ, ಕಾದಾಟ. ಇಷ್ಟನ್ನೂ ಸ್ಮೃತಿಯಲ್ಲಿ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಅದಕ್ಕೆ ಅವರು ಗ್ರಹಗಳನ್ನು ಬರೆದಿಡದೆ, ಗ್ರಹಗಳನ್ನು ಹುಟ್ಟಿಸುವ ಒಂದು ಲೆಕ್ಕದ ಸೂತ್ರವನ್ನು ಮಾತ್ರ ಬರೆದಿಟ್ಟರು. ಬೇಕಾದಾಗ ಲೆಕ್ಕ ಮಾಡಿದರೆ ಅದೇ ಗ್ರಹ ಅದೇ ಹೆಸರಿನಲ್ಲಿ ಮತ್ತೆ ಹುಟ್ಟುತ್ತಿತ್ತು.

ಅದೇ 1984ರಲ್ಲಿ ಬಿಬಿಸಿ ಮೈಕ್ರೋ ಭಾರತಕ್ಕೂ ಬಂತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ತರುವುದಕ್ಕೆ ಕೇಂದ್ರ ಸರ್ಕಾರ ‘ಕ್ಲಾಸ್’ ಎಂಬ ಯೋಜನೆಯನ್ನು 1984-85ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು, ಅದಕ್ಕೆ ಆರಿಸಿಕೊಂಡದ್ದು ಇದೇ ಯಂತ್ರವನ್ನು. ಸರ್ಕಾರಿ ರಂಗದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ‘ಯೂನಿಕಾರ್ನ್’ ಹೆಸರಿನಲ್ಲಿ ಇದನ್ನು ಇಲ್ಲಿಯೇ ಜೋಡಿಸಿತು. ಬ್ರಿಟನ್ನಿನ ಹಾಗೆ ನಮ್ಮಲ್ಲೂ ಕರೆಂಟು 50 ಹರ್ಟ್ಸಿನದು, ಟಿವಿಯ ಬಣ್ಣದ ಪದ್ಧತಿ ಪಾಲ್. ಹಾಗಾಗಿ ಯಂತ್ರಕ್ಕೆ ಹೊಸ ನೀರು, ಹೊಸ ಗಾಳಿ ಒಗ್ಗದ ತೊಂದರೆ ಹೆಚ್ಚಿರಲಿಲ್ಲ.

ಸರ್ಕಾರದ ದಾಖಲೆಯ ಪ್ರಕಾರ ಹೀಗೆ ಹಂಚಿದ ಯಂತ್ರಗಳು 12,000, ಮುಟ್ಟಿದ ಶಾಲೆಗಳು 2,598. ಭಾಗಿಸಿ ನೋಡಿದರೆ ಶಾಲೆಗೆ ಸರಾಸರಿ ಐದು ಯಂತ್ರಗಳೂ ಬರಲಿಲ್ಲ. ಒಂದು ತರಗತಿಯಲ್ಲಿ ಐವತ್ತು ಮಕ್ಕಳಿದ್ದರೆ ಒಂದು ಕೀಲಿಮಣೆಗೆ ಹತ್ತು ಜನ. ಪಾಠದ ಸಾಫ್ಟ್‌ವೇರು ಆರಂಭದಲ್ಲಿ ಬಹುಪಾಲು ಬ್ರಿಟನ್ನಿನದು, ಭಾಷೆ ಇಂಗ್ಲಿಷು. ದುಬಾರಿ ಸರ್ಕಾರಿ ಆಸ್ತಿ ಎಂದಮೇಲೆ ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ, ಬೀಗದ ಕೈಗೊಬ್ಬ ಜವಾಬ್ದಾರರು. ಚಪ್ಪಲಿ ಹೊರಗೆ ಬಿಟ್ಟು ದೇವರ ಕೋಣೆಗೆ ಹೋದಂತೆ ಕಂಪ್ಯೂಟರ್ ಕೋಣೆಗೆ ಹೋದ ನೆನಪು ಆ ಕಾಲದ ಎಷ್ಟೋ ವಿದ್ಯಾರ್ಥಿಗಳಿಗಿದೆ. 1993ರ ನಂತರ ಯೋಜನೆಗೆ 486 ಪ್ರೊಸೆಸರಿನ ಹೊಸ ಯಂತ್ರಗಳು ಬರತೊಡಗಿದವು. ಬಿಬಿಸಿ ಮೈಕ್ರೋಗಳು ಬೀರುವಿಗೆ, ಅಲ್ಲಿಂದ ಗುಜರಿಗೆ ಸರಿದವು.

ಇನ್ನು ನಡುಮನೆಯ ಯಂತ್ರಕ್ಕೆ ಬರೋಣ. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಪೆಟ್ಟಿಗೆ ತಂದಿತು. ಅದರ ಒಳಗೆ ರಿಕೋ ಕಂಪನಿ ಮಾಡಿದ ಚಿಪ್ಪು, ಆ ಚಿಪ್ಪಿನ ತಿರುಳು ನಮ್ಮ 6502. ಭಾರತದಲ್ಲಿ ಈ ಯಂತ್ರ ‘ಸಮುರಾಯ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ತೊಂಬತ್ತರ ದಶಕದಲ್ಲಿ ‘ಮೀಡಿಯಾ’ದಂಥ ಹೆಸರುಗಳಲ್ಲಿ, ಆಮೇಲೆ ಹೆಸರೇ ಇಲ್ಲದ ಡಬ್ಬಿಗಳಲ್ಲಿ, ಅದೇ ಆಟಗಳನ್ನು ಓಡಿಸುವ ಅಗ್ಗದ ಯಂತ್ರಗಳು ಪೇಟೆಗೆ ಬಂದವು. ಅವಕ್ಕೆ ಹಾಕುವ ಪ್ಲಾಸ್ಟಿಕ್ ಬಿಲ್ಲೆಗೆ ನಾವು ಇಟ್ಟ ಹೆಸರು ‘ಕ್ಯಾಸೆಟ್’. ಅದರೊಳಗೆ ಟೇಪು ಇರಲಿಲ್ಲ, ಚಿಪ್ಪಿತ್ತು. ಮೇಲೆ ‘99,99,999 ಗೇಮ್’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ನೋಡಿದರೆ ಏಳೆಂಟು ಆಟಗಳೇ ಹೆಸರು ಬದಲಿಸಿಕೊಂಡು ತಿರುಗಿ ತಿರುಗಿ ಬರುತ್ತಿದ್ದವು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ. ಬೇಸಿಗೆ ರಜೆಯಲ್ಲಿ ಅತ್ತೆ ಮನೆಗೋ ಅಜ್ಜನ ಮನೆಗೋ ಬಂದ ಪೇಟೆಯ ಮಕ್ಕಳ ಚೀಲದಲ್ಲಿ ಈ ಯಂತ್ರ ಹಳ್ಳಿಗಳಿಗೂ ಬಂತು.

ಎಂಟು ಬಿಟ್ಟಿನ ಒಂದೇ ಚಿಪ್ಪಿನ ಕುಲ ನಮ್ಮಲ್ಲಿ ಹೀಗೆ ಎರಡು ಬಾಗಿಲುಗಳಿಂದ ಬಂತು. ಬರೆಯಲು ಬರುವ ಯಂತ್ರ ಶಾಲೆಯ ಬೀಗದೊಳಗೆ ಉಳಿಯಿತು. ಮಕ್ಕಳ ಕೈಗೆ ದಿನವಿಡೀ ಸಿಕ್ಕ ಯಂತ್ರಕ್ಕೆ ಕೀಲಿಮಣೆಯೇ ಇರಲಿಲ್ಲ. ಬ್ರಿಟನ್ನಿನಲ್ಲಿ ಈ ಎರಡೂ ಒಂದೇ ಪೆಟ್ಟಿಗೆಯಾಗಿದ್ದವು. ಅಲ್ಲಿ ಆಟಗಾರ ಮತ್ತು ಬರೆಯುವವನ ನಡುವೆ ಗೋಡೆಯಿರಲಿಲ್ಲ. ನಮ್ಮಲ್ಲಿ ಆ ಗೋಡೆ ಮೊದಲ ದಿನದಿಂದ ಇತ್ತು. ಆಟ ಎಂದರೆ ಹೊರಗಿನಿಂದ ಬರುವುದು, ನಾವು ಆಡುವುದು; ಕಂಪ್ಯೂಟರ್ ಎಂದರೆ ಪರೀಕ್ಷೆ, ನೌಕರಿ. ನಮ್ಮ ಆಟಗಳನ್ನು ನಾವೇ ಬರೆಯುವ ಅಭ್ಯಾಸ ಮನೆಮನೆಯಲ್ಲಿ ಯಾಕೆ ಬೆಳೆಯಲಿಲ್ಲ ಎಂಬುದಕ್ಕೆ ಬಡತನ, ಭಾಷೆ ಎಲ್ಲವೂ ಕಾರಣ. ಅವುಗಳ ಜೊತೆಗೆ ಈ ಗೋಡೆಯೂ ಒಂದು.

ಗೋಡೆಯಲ್ಲಿ ಕಿಂಡಿ ಇರಲೇ ಇಲ್ಲವೆಂದಲ್ಲ. ಅಗ್ಗದ ಟಿವಿ ಗೇಮುಗಳಿಗೆ ಕೆಲವು ತಯಾರಕರು ಕೀಲಿಮಣೆ ಸೇರಿಸಿ ‘ಟಿವಿ ಕಂಪ್ಯೂಟರ್’ ಎಂದು ಮಾರಿದರು. ಕೆಲವದರಲ್ಲಿ ಟೈಪಿಂಗ್ ಕಲಿಸುವ ಪಾಠವಿತ್ತು, ಸಣ್ಣ ಬೇಸಿಕ್ ಭಾಷೆಯೂ ಇತ್ತು. ಭಾರತದಲ್ಲಿ ಇಂಥ ಯಂತ್ರಗಳನ್ನು ಕಂಡ ಡೆರೆಕ್ ಲೋಮಾಸ್ ಎಂಬ ಅಮೆರಿಕದ ತರುಣ 2008ರಲ್ಲಿ ಎಂಐಟಿಯ ಒಂದು ಶಿಬಿರಕ್ಕೆ ಇದರ ವಿಚಾರ ಒಯ್ದರು. 12 ಡಾಲರಿಗೆ ಸಿಗುವ ಕಂಪ್ಯೂಟರ್ ಎಂದು ಅದು ಸುದ್ದಿಯಾಯಿತು. ‘ಪ್ಲೇಪವರ್’ ಎಂಬ ಗುಂಪು ಆ ಹಳೆಯ 6502ಕ್ಕೆ ಹೊಸದಾಗಿ ಕಲಿಕೆಯ ಆಟಗಳನ್ನು ಬರೆಯಲು ಹೊರಟಿತು. ಅಷ್ಟರಲ್ಲಿ ಅಗ್ಗದ ಮೊಬೈಲು ಬಂತು, ಆ ಕಿಂಡಿಯನ್ನು ಹುಡುಕುವವರು ಕಡಿಮೆಯಾದರು.

ಹಿನ್ನೆಲೆ ಇಷ್ಟು. ಈಗ ಯಾರಿಗಾದರೂ ಗುಜರಿಯಲ್ಲೋ, ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೋ ಅಂಗಡಿಯ ಮೂಲೆಯಲ್ಲೋ, ಹಳೆಯ ಶಾಲೆಯ ಹರಾಜಿನಲ್ಲೋ ಒಂದು ಬಿಬಿಸಿ ಮೈಕ್ರೋ ಸಿಕ್ಕಿತೆಂದು ಇಟ್ಟುಕೊಳ್ಳಿ. ಮೊದಲ ಆಸೆ ಸ್ವಿಚ್ ಹಾಕಿ ನೋಡುವುದು. ಮಾಡಬಾರದ ಮೊದಲ ಕೆಲಸವೂ ಅದೇ. ಇದರ ವಿದ್ಯುತ್ ಪೆಟ್ಟಿಗೆಯಲ್ಲಿ, ಮೇನ್ಸ್ ಕರೆಂಟು ಒಳಬರುವ ಜಾಗದಲ್ಲಿ, ಪಾರದರ್ಶಕ ಹಳದಿ ಕವಚದ ಒಂದೆರಡು ಕೆಪಾಸಿಟರ್‌ಗಳಿರುತ್ತವೆ. ಒಳಗಿರುವುದು ಕಾಗದ. ವರ್ಷ ಕಳೆದಂತೆ ಕವಚ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಬಿರುಕಿನಿಂದ ಕಾಗದ ತೇವ ಹೀರುತ್ತದೆ. ಮಲೆನಾಡಿನ ಜುಲೈ ತಿಂಗಳನ್ನು ಕಂಡ ಯಾವ ಕಾಗದ ತೇವ ಹೀರದೆ ಉಳಿದೀತು? ಇಪ್ಪತ್ತು ಮೂವತ್ತು ವರ್ಷ ಮಲಗಿದ್ದ ಯಂತ್ರಕ್ಕೆ ಕರೆಂಟು ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಸಿಡಿದು, ಮನೆ ತುಂಬ ನಾತದ ಹೊಗೆ. ಆದ್ದರಿಂದ ಮೊದಲು ಆ ಕೆಪಾಸಿಟರ್‌ಗಳನ್ನು ಬದಲಿಸಬೇಕು. ಮೇನ್ಸಿಗೆಂದೇ ಮಾಡಿದ ‘ಎಕ್ಸ್2’ ದರ್ಜೆಯವನ್ನೇ ಹಾಕಬೇಕು. ಈ ಪೆಟ್ಟಿಗೆಯೊಳಗೆ ಪ್ಲಗ್ ಕಿತ್ತ ಮೇಲೂ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು. ಕೈ ಪಳಗಿಲ್ಲದವರು ಈ ಒಂದು ಕೆಲಸವನ್ನು ಬಲ್ಲ ರಿಪೇರಿಯವರಿಗೆ ಬಿಡುವುದೇ ಸರಿ.

ಆಮೇಲೆ ಯಂತ್ರದ ಸದ್ದು ಕೇಳಬೇಕು. ಎರಡು ಸ್ವರ ಬಂದು ನಿಂತರೆ ಅದು ಎಚ್ಚರಗೊಂಡಿದೆ. ಮೊದಲ ಸ್ವರವೇ ನಿಲ್ಲದೆ ಗುಂಯ್ಗುಟ್ಟುತ್ತಿದ್ದರೆ ಎದ್ದು ಕೂರಲಾಗದೆ ನರಳುತ್ತಿದೆ ಎಂದರ್ಥ. ಎಷ್ಟೋ ಸಲ ಔಷಧ ಸರಳ. ಇದರ ಚಿಪ್ಪುಗಳಲ್ಲಿ ಹಲವು ಬೆಸುಗೆಯಿಲ್ಲದೆ ಸಾಕೆಟ್ಟಿನಲ್ಲಿ ಕೂತಿರುತ್ತವೆ. ತೇವಕ್ಕೆ ಅವುಗಳ ಕಾಲಿಗೆ ಕಿಲುಬು ಹಿಡಿದಿರುತ್ತದೆ. ಒಂದೊಂದನ್ನೇ ಮೆಲ್ಲಗೆ ಎತ್ತಿ, ಕಾಲು ಒರೆಸಿ, ಹಾಗೆಯೇ ಕೂರಿಸಿದರೆ ಸತ್ತಿತೆಂದುಕೊಂಡ ಯಂತ್ರ ಎದ್ದದ್ದುಂಟು. ಟಿವಿ ಗೇಮಿನ ಕಥೆ ಇದಕ್ಕೆ ತದ್ವಿರುದ್ಧ. ಅಗ್ಗದ ಯಂತ್ರದ ಮುಚ್ಚಳ ತೆಗೆದರೆ ಹಲಗೆಯ ಮೇಲೆ ಕರಿ ಅರಗಿನ ಬೊಟ್ಟೊಂದು ಕಾಣುತ್ತದೆ. ಚಿಪ್ಪು ಅದರ ಅಡಿಯಲ್ಲಿ ಶಾಶ್ವತವಾಗಿ ಹೂತಿರುತ್ತದೆ. ಅದು ಹೋದರೆ ಹೋಯಿತು. ನಾವು ಮಾಡಬಹುದಾದದ್ದು ಕ್ಯಾಸೆಟ್ಟಿನ ತಾಮ್ರದ ಪಟ್ಟಿಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು, ಗುಂಡಿಗಳ ಕೆಳಗಿನ ರಬ್ಬರು ಶುಚಿಮಾಡುವುದು, ಅಡಾಪ್ಟರ್ ಬದಲಿಸುವುದು. ಹುಡುಗರಾಗಿದ್ದಾಗ ಎಲ್ಲರೂ ಮಾಡಿದ ಹಾಗೆ ಬಾಯಿಂದ ಊದಬಾರದು. ಉಸಿರಿನ ತೇವವೇ ತಾಮ್ರವನ್ನು ತಿನ್ನುತ್ತದೆ.

ರಿಪೇರಿಯಾದ ಮೇಲೆ ಸುಧಾರಣೆಯ ಮಾತು. ಇಲ್ಲಿ ಹವ್ಯಾಸಿಗಳಲ್ಲಿ ಎರಡು ಮನಸ್ಸು. ಹಳೆಯದನ್ನು ಮುಟ್ಟಲೇಬಾರದು ಎನ್ನುವವರು ಕೆಲವರು, ಹೊರಗಿನ ಡಬ್ಬಿ ಮಾತ್ರ ಉಳಿಸಿ ಒಳಗೆಲ್ಲ ಹೊಸದು ತುಂಬುವವರು ಕೆಲವರು. ಹಳೆಯ ಮನೆಗೆ ಹಂಚು ಬದಲಿಸುವಾಗ ನಮ್ಮ ಹಿರಿಯರು ಪಾಲಿಸಿದ ಕ್ರಮವೇ ಇಲ್ಲಿಗೂ ಒಳ್ಳೆಯದು. ಕಂಬ ಕೊರೆಯಬೇಡ, ಸೇರಿಸಿದ್ದನ್ನು ನಾಳೆ ತೆಗೆಯಲು ಬರಬೇಕು, ತೆಗೆದದ್ದನ್ನು ಅಟ್ಟದಲ್ಲಿ ಎತ್ತಿಡಬೇಕು. ಬಿಬಿಸಿ ಮೈಕ್ರೋವಿನ ವಿನ್ಯಾಸಕರು ಯಂತ್ರದ ಹೊಟ್ಟೆಯ ಕೆಳಗೆ ಸಾಲಾಗಿ ಕಿಂಡಿಗಳನ್ನು ಬಿಟ್ಟಿದ್ದರಿಂದ ಈ ನಿಯಮ ಪಾಲಿಸುವುದು ಕಷ್ಟವಲ್ಲ. ಒಂದು ಕಿಂಡಿಗೆ ಪುಟ್ಟ ಹಲಗೆ ಸಿಕ್ಕಿಸಿ ಮೊಬೈಲಿನ ಮೆಮೊರಿ ಕಾರ್ಡು ಹಾಕಿದರೆ, ಟೇಪಿನಿಂದ ಮೂರ್ನಾಲ್ಕು ನಿಮಿಷ ಇಳಿಯುತ್ತಿದ್ದ ಆಟ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಒಂದೂ ತಂತಿ ಕತ್ತರಿಸಬೇಕಿಲ್ಲ.

ಇನ್ನೊಂದು ಕಿಂಡಿಯ ಹೆಸರು ‘ಟ್ಯೂಬ್’. ಎರಡನೆಯ ಪ್ರೊಸೆಸರೊಂದನ್ನು ಜೋಡಿಸಲೆಂದು 1981ರಲ್ಲೇ ಬಿಟ್ಟ ಬಾಗಿಲು ಅದು. ಇಂದಿನ ಹವ್ಯಾಸಿಗಳು ಅಲ್ಲಿಗೆ ಅಂಗೈಯಗಲದ ರಾಸ್ಪ್ಬೆರಿ ಪೈ ಕಂಪ್ಯೂಟರನ್ನು ಸಿಕ್ಕಿಸುತ್ತಾರೆ. ಇಲ್ಲಿ ಒಂದು ವಂಶವೃಕ್ಷ ಮುಚ್ಚಿಕೊಂಡಿದೆ. ಬಿಬಿಸಿ ಮೈಕ್ರೋ ಕಟ್ಟಿದ ವಿಲ್ಸನ್ ಮತ್ತು ಫರ್ಬರ್ ಮುಂದೆ ಏಕಾರ್ನ್‌ಗಾಗಿ ಹೊಸದೊಂದು ಪ್ರೊಸೆಸರ್ ರೂಪಿಸಿದರು. 1985ರಲ್ಲಿ ಅದರ ಮೊದಲ ಚಿಪ್ಪು ಜೀವ ಪಡೆಯಿತು. ಅದರ ಹೆಸರು ‘ಆರ್ಮ್’. ಇವತ್ತು ನಮ್ಮ ಜೇಬಿನ ಮೊಬೈಲುಗಳೆಲ್ಲ ಹೆಚ್ಚುಕಡಿಮೆ ಅದರ ಸಂತತಿ. ರಾಸ್ಪ್ಬೆರಿ ಪೈ ಕೂಡ. ಮೊಮ್ಮಗ ಅಜ್ಜನ ಮನೆಗೆ ಬಂದು, ಅಜ್ಜ ಯಾವತ್ತೋ ತೆರೆದಿಟ್ಟ ಬಾಗಿಲಿನಿಂದಲೇ ಒಳಗೆ ಹೋಗಿ ಕೈಹಿಡಿದು ನಡೆಸಿದಂತೆ.

ಪರದೆಯ ವಿಷಯದಲ್ಲಿ ಮಾತ್ರ ಸುಧಾರಣೆಗೊಂದು ಬೆಲೆಯಿದೆ. ಹಳೆಯ ಯಂತ್ರದ ಬಣ್ಣದ ಸಂಕೇತವನ್ನು ಎಚ್‌ಡಿಎಂಐಗೆ ತಿರುಗಿಸುವ ಸಾಧನಗಳು ಸಿಗುತ್ತವೆ, ಚಿತ್ರ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ. ಆದರೆ ಟಿವಿ ಗೇಮಿನ ಬಂದೂಕು ಹೊಸ ಟಿವಿಯ ಮುಂದೆ ಕೆಲಸ ಮಾಡುವುದಿಲ್ಲ. ಕುದುರೆ ಎಳೆದೊಡನೆ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಗುರಿ ತಾಗಿತು. ಹಳೆಯ ಗಾಜಿನ ಕೊಳವೆಯ ಟಿವಿಯಲ್ಲಿ ಬೆಳಕು ಗೆರೆಗೆರೆಯಾಗಿ ಓಡುವ ಲಯವನ್ನೇ ಆ ಕಣ್ಣು ನಂಬಿದೆ. ಹೊಸ ಟಿವಿಯಲ್ಲಿ ಆ ಲಯವೂ ಇಲ್ಲ, ಚಿತ್ರ ಬರುವುದೂ ಒಂದಿಷ್ಟು ತಡ. ಬಾತುಕೋಳಿ ಬೇಕೆಂದರೆ ಡಬ್ಬದಂಥ ಹಳೆಯ ಟಿವಿಯನ್ನೂ ಉಳಿಸಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ, ಲ್ಯಾಪ್‌ಟಾಪಿನಲ್ಲಿ ಎಮ್ಯುಲೇಟರ್ ಹಾಕಿ ಇದೇ ಆಟ ಆಡಬಹುದಲ್ಲ ಎಂದು ಯಾರಾದರೂ ಕೇಳಿದರೆ, ಆಡಬಹುದು ಎಂದೇ ಹೇಳಬೇಕು. ಆಟದ ರುಚಿಯಷ್ಟೇ ಬೇಕಿದ್ದರೆ ಅದು ಸಾಕು. ಸಿಕ್ಕ ಯಂತ್ರಗಳನ್ನೆಲ್ಲ ಉಳಿಸಬೇಕೆಂಬ ಹಟವೂ ಬೇಡ. ನಿಜವಾದ ಯಂತ್ರ ಬೇಕಾಗುವುದು ಬೇರೆ ಕಡೆ. ‘ಎಲೀಟ್’ ಎಲ್ಲಿಯೂ ಕಳೆದುಹೋಗುವುದಿಲ್ಲ. ಅದರ ನಕಲುಗಳು ಲೋಕದ ತುಂಬ ಇವೆ, ಅದನ್ನು ಬರೆದವರ ಹೆಸರು ಚರಿತ್ರೆಯಲ್ಲಿದೆ. ಕಳೆದುಹೋಗುತ್ತಿರುವುದು ನಮ್ಮ ಆ 2,598 ಶಾಲೆಗಳ ಟೇಪುಗಳು. ಹತ್ತು ಜನರಲ್ಲಿ ಒಬ್ಬಳಾಗಿ ಕೀಲಿಮಣೆಗೆ ಕಾದು, ಸಿಕ್ಕ ಹತ್ತು ನಿಮಿಷದಲ್ಲಿ ಮಗ್ಗಿ ಹೇಳುವ ನಾಲ್ಕು ಸಾಲು ಬರೆದವಳು, ಚೆಂಡೊಂದು ಗೋಡೆಗೆ ಬಡಿದು ಪುಟಿಯುವ ಹಾಗೆ ಮಾಡಿದವನು ಇದ್ದೇ ಇರುತ್ತಾರೆ. ಬೀಗ ತೆಗೆದುಕೊಟ್ಟ ಮೇಷ್ಟ್ರುಗಳೂ ಎಲ್ಲೆಡೆ ಇದ್ದೇ ಇದ್ದಾರೆ. ಆ ಮಕ್ಕಳು ಬರೆದದ್ದು ಸ್ಮೃತಿಯಲ್ಲಿ ಮಾತ್ರ ಇದ್ದಿದ್ದರೆ ಗಂಟೆ ಹೊಡೆದು ಸ್ವಿಚ್ ಆರಿದೊಡನೆ ಅಳಿಸಿಹೋಯಿತು. ಟೇಪಿಗೆ ಇಳಿಸಿದ್ದರೆ ಎಲ್ಲೋ ಒಂದು ಬೀರುವಿನಲ್ಲಿ ಇನ್ನೂ ಇರಬಹುದು. ನಮ್ಮ ಗಣಕ ಚರಿತ್ರೆಯಲ್ಲಿ ಕೊಂಡ ಯಂತ್ರಗಳ ಸಂಖ್ಯೆ ದಾಖಲಾಗಿದೆ. ಮಕ್ಕಳು ಅದರ ಮೇಲೆ ಮಾಡಿದ್ದೇನು ಎಂಬ ಪುಟ ಖಾಲಿಯಿದೆ.

ಆದ್ದರಿಂದ ಯಂತ್ರದ ಜೊತೆ ಕ್ಯಾಸೆಟ್ ಸಿಕ್ಕರೆ, ಕೈಬರಹದ ಚೀಟಿಯಿರುವ ಕ್ಯಾಸೆಟ್ಟಿಗೆ ಅಚ್ಚಿನ ಚೀಟಿಯದಕ್ಕಿಂತ ಹೆಚ್ಚಿನ ಮರ್ಯಾದೆ ಸಲ್ಲಬೇಕು. ಮೊದಲು ಅದರ ಮೂಲೆಯ ಪ್ಲಾಸ್ಟಿಕ್ ಹಲ್ಲು ಮುರಿದಿದೆಯೇ ನೋಡಬೇಕು. ಇಲ್ಲದಿದ್ದರೆ ಮುರಿಯಬೇಕು, ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಆಗದಿರಲಿ. ಕಿಂಡಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿಯ ಬೂಷ್ಟು ಕಂಡರೆ ಅದನ್ನು ತೆಗೆಯುವವರೆಗೆ ಓಡಿಸಬಾರದು. ಶುಚಿಮಾಡಿದ ಪ್ಲೇಯರಿನಲ್ಲಿ ಒಂದೇ ಸಲ ಓಡಿಸಿ, ಕಂಪ್ಯೂಟರಿಗೆ ಒಳ್ಳೆಯ ಧ್ವನಿಕಡತವಾಗಿ ಇಳಿಸಿಕೊಳ್ಳಬೇಕು. ಕಿವಿಗೆ ಕೇಳುವುದು ಕಿರ್‌ ಎನ್ನುವ ಕರ್ಕಶ ಸದ್ದು. ಆ ಸದ್ದೇ ಬರಹ. ಅದನ್ನು ಓದಿ ಪ್ರೋಗ್ರಾಮಾಗಿ ಬಿಡಿಸುವ ತಂತ್ರಾಂಶಗಳಿವೆ, ಹಾಗೆ ಬಿಡಿಸಿದ್ದನ್ನು ಕಾಪಿಡಲು ‘ಯುಇಎಫ್’ ಎಂಬ ಕಡತದ ರೂಪವೂ ಇದೆ. ಹೊಸ ಯಂತ್ರ ತಡವರಿಸಿದ ಕಡೆ ಕೆಲವೊಮ್ಮೆ ಹಳೆಯ ಯಂತ್ರವೇ ಸರಿಯಾಗಿ ಓದುತ್ತದೆ. ತನ್ನ ಕಾಲದ ಕೈಬರಹ ಅದಕ್ಕೆ ಗೊತ್ತು.

ಯಂತ್ರ ಎದ್ದ ಮೇಲೆ ಅದನ್ನು ಮೂರು ಸಾವಿರ ಆಟಗಳ ಕಾರ್ಡು ತುಂಬಿದ ಇನ್ನೊಂದು ಟಿವಿ ಗೇಮು ಮಾಡಿಬಿಟ್ಟರೆ, ಹಳೆಯ ಗೋಡೆಯನ್ನೇ ಮತ್ತೆ ಕಟ್ಟಿದ ಹಾಗೆ. ಮನೆಯ ಮಗುವನ್ನು ಒಂದು ಸಲ ಆ ಮಿನುಗುವ ಗೆರೆಯ ಮುಂದೆ ಕೂರಿಸಿ ನೋಡಿ. ಈ ಯಂತ್ರಕ್ಕೆ ಕನ್ನಡ ಬಾರದು. ಆದರೆ ಕಲಿಸಬಹುದು. ಇದರಲ್ಲಿ ಒಂದೊಂದು ಅಕ್ಷರವೂ ಎಂಟು ಸಾಲು, ಎಂಟು ಕಂಬದ ಚೌಕ, ಥೇಟು ರಂಗೋಲಿಯ ಚುಕ್ಕಿಯ ಲೆಕ್ಕ. ಒಂದೊಂದು ಸಾಲಿಗೆ ಒಂದು ಸಂಖ್ಯೆ. ಮೊದಲು ‘ಮೋಡ್ 4’ ಎಂದು ಬರೆದು, ಆಮೇಲೆ ‘ವಿಡಿಯು 23, 224’ ಎಂದು ಶುರುಮಾಡಿ ಅದರ ಮುಂದೆ 0, 60, 66, 66, 66, 66, 60, 0 ಎಂಬ ಎಂಟು ಸಂಖ್ಯೆ ಕೊಟ್ಟು, 224ನೆಯ ಅಕ್ಷರ ತೋರಿಸು ಎಂದರೆ ಪರದೆಯ ಮೇಲೆ ದುಂಡಗಿನ ಕನ್ನಡದ ಸೊನ್ನೆ ಮೂಡುತ್ತದೆ. 60 ಎಂದರೆ ನಡುವಿನ ನಾಲ್ಕು ಚುಕ್ಕಿ ಉರಿ, 66 ಎಂದರೆ ಎಡಬಲದ ಒಂದೊಂದು ಚುಕ್ಕಿ ಉರಿ. ಮುಂದಿನದು ‘ರ’, ಆಮೇಲೆ ‘ಗ’. ಒತ್ತಕ್ಷರಕ್ಕೆ ಬಂದಾಗ ಒಂದು ಚೌಕ ಸಾಲುವುದಿಲ್ಲ, ಕೆಳಗೆ ಇನ್ನೊಂದು ಚೌಕ ಬೇಕು. ಆ ಪೇಚಿಗೆ ಸಿಕ್ಕ ಮಗು, ಕನ್ನಡವನ್ನು ಕಂಪ್ಯೂಟರಿಗೆ ತರಲು ಹೆಣಗಿದವರ ಕಷ್ಟವನ್ನು ಯಾವ ಪಾಠವೂ ಇಲ್ಲದೆ ಅರ್ಥಮಾಡಿಕೊಳ್ಳುತ್ತದೆ.

ಆಗ ಹೊರಗೆ ಮಳೆ ಬಂದು ಕರೆಂಟು ಹೋದೀತು. ನಮ್ಮ ಕಡೆ ಅದಕ್ಕೆ ಹೇಳಿ ಕೇಳಿ ಬರುವ ಅಭ್ಯಾಸವಿಲ್ಲ. ಸೊನ್ನೆಯೂ ಹೋಗುತ್ತದೆ, ‘ರ’ವೂ ಹೋಗುತ್ತದೆ. ಮಗು ಅಳುಮುಖ ಮಾಡಿ, ‘ಅಜ್ಜಾ, ಬರೆದಿದ್ದೆಲ್ಲ ಹೋಯ್ತು’ ಎನ್ನಬಹುದು. ಮುಂದಿನ ಸಲ ಎರಡು ಸಾಲು ಬರೆದೊಡನೆ ‘ಸೇವ್’ ಎಂದು ಬರೆದು ಉಳಿಸಿಕೊಳ್ಳುವುದನ್ನು ಅದು ತಾನಾಗಿಯೇ ಕಲಿಯುತ್ತದೆ. ನಾವು ಆ ಪಾಠ ಕಲಿಯುವುದು ನಲವತ್ತು ವರ್ಷ ತಡವಾಯಿತು.